ಕಲ್ಲುಹವಳದ ಒಕ್ಕ ಯಾವುದು?

ಮಡಿಕೇರಿಯ ಚಿನಿವಾರರು ಹವಳವೆಂದು ತೂಗಿಕೊಡುವ ಕೆಂಪು ಮಣಿಗೂ ಕಡಲಿನಲ್ಲಿ ದಿಬ್ಬ ಕಟ್ಟುವ ಕಲ್ಲುಹವಳಕ್ಕೂ ಕನ್ನಡದಲ್ಲಿ ಹೆಸರು ಒಂದೇ. ಆದರೆ ಮಣಿಯಾಗುವ ಹವಳ ಎಂಟು ಕರಬಳ್ಳಿಗಳಿರುವ ಜೀವಿಗಳ ಗುಂಪಿನದು; ಕಲ್ಲುಹವಳದ್ದು ಆರರ ಲೆಕ್ಕ. ಎರಡೂ ಬೇರೆ ಬೇರೆ ಒಕ್ಕದವು, ಅಂದರೆ ಮನೆತನದವು.

ಒಕ್ಕ ಎಂಬ ಮಾತನ್ನು ಸುಮ್ಮನೆ ತಂದದ್ದಲ್ಲ. ಕೊಡವರಲ್ಲಿ ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಪ್ರಾಣಿಗಳ ಹೆಸರಿಗೆ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಹಾಕಿಕೊಟ್ಟ ಕ್ರಮವೂ ಇದೇ: ಕುಲ ಮೊದಲು, ಪ್ರಭೇದ ನಂತರ. ಆದರೆ ಹವಳಗಳು ಒಕ್ಕ ಬದಲಿಸುತ್ತಲೇ ಇರುತ್ತವೆ. ಫೋರ್ಸ್ಕೋಲ್ ಎಂಬಾತನ ಬರಹದಲ್ಲಿ 1775ರಲ್ಲಿ ಮಾಡ್ರಿಪೋರಾ ಫೇವಸ್ ಎನಿಸಿಕೊಂಡ ಹವಳ ಮುಂದೆ ಫೇವಿಯಾ ಫೇವಸ್ ಆಯಿತು, 2012ರಿಂದೀಚೆಗೆ ಡಿಪ್ಸಾಸ್ಟ್ರಿಯಾ ಫೇವಸ್ ಆಗಿದೆ. ಫೇವಸ್ ಎಂದರೆ ಲ್ಯಾಟಿನ್ನಿನಲ್ಲಿ ಜೇನುತಟ್ಟು. ಆ ಹವಳದ ಮೈ ನೋಡಿದ ಕೊಡಗಿನವರಾರೂ ಹೆಸರು ತಪ್ಪಿತೆನ್ನಲಾರರು. ಕುಲ ಬದಲಾದರೆ ಮೊದಲು ಹೆಸರಿಟ್ಟವರನ್ನು ಆವರಣ ಚಿಹ್ನೆಯೊಳಗೆ ನಮೂದಿಸಬೇಕೆಂಬುದು ನಿಯಮ, ಆದ್ದರಿಂದ ಆ ಪುಟ್ಟ ಕಂಸಗಳನ್ನು ಕಂಡೊಡನೆ ಈ ಜೀವಿ ಮನೆ ಬದಲಿಸಿದೆ ಎಂದು ತಿಳಿಯಬಹುದು.

ಕುಲವನ್ನು ಗುರುತಿಸುವುದು ಹೇಗೆ? ಕೊಡಗಿನ ಕಿತ್ತಳೆಯೊಂದನ್ನು ಅಡ್ಡಲಾಗಿ ಕೊಯ್ದು ನೋಡಿ. ನಡುವಿನಿಂದ ಸಿಪ್ಪೆಯವರೆಗೆ ಚಾಚಿದ ಪೊರೆಗಳು ತೊಳೆಗಳನ್ನು ಬೇರ್ಪಡಿಸುತ್ತವೆ. ಹವಳದ ಜೀವಿ ಕೂರುವ ಒಂದೊಂದು ಬಟ್ಟಲಿನಲ್ಲೂ ಇಂಥವೇ ಸುಣ್ಣದ ತಡಿಕೆಗಳಿರುತ್ತವೆ. ವ್ಯತ್ಯಾಸವೆಂದರೆ ಅವು ಹೊರಗೋಡೆಯಿಂದ ಒಳಕ್ಕೆ ಬೆಳೆಯುತ್ತವೆ. ಮೊದಲು ಆರು, ಅವುಗಳ ನಡುವೆ ಮತ್ತೆ ಆರು, ಅನಂತರ ಹನ್ನೆರಡು, ಹೀಗೆ ಸುತ್ತು ಸುತ್ತಾಗಿ ಕೂಡುವುದು ಸ್ಕ್ಲೆರಾಕ್ಟಿನಿಯಾ ಗಣದ, ಅಂದರೆ ಕಲ್ಲುಹವಳಗಳ, ಲಕ್ಷಣ. ಸುಮಾರು 25 ಕೋಟಿ ವರ್ಷಗಳ ಹಿಂದೆ ಪೂರ್ಣವಾಗಿ ಅಳಿದ ರುಗೋಸಾ ಹವಳಗಳಲ್ಲಾದರೋ ಹೊಸ ತಡಿಕೆಗಳು ನಾಲ್ಕು ಕಡೆಗಳಲ್ಲಿ ಮಾತ್ರ ಮೂಡುತ್ತಿದ್ದವು. ತಡಿಕೆ ಎಷ್ಟು, ಅಂಚು ಹಲ್ಲುಹಲ್ಲಾಗಿದೆಯೇ, ನಡುವೆ ಕಂಬವಿದೆಯೇ ಎಂಬ ಈ ಲೆಕ್ಕಾಚಾರದ ಮೇಲೆಯೇ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಫ್ರೆಂಚ್ ಪ್ರಾಣಿವಿಜ್ಞಾನಿಗಳಾದ ಮಿಲ್ನ್-ಎಡ್ವರ್ಡ್ಸ್ ಮತ್ತು ಎಮ್ ತಮ್ಮ ವರ್ಗೀಕರಣವನ್ನು ಕಟ್ಟಿದರು.

ಕೊಡಗಿನ ಪುರಾತನ ಬಂಡೆಗಳಲ್ಲಿ ಹವಳ ಹುಡುಕಿ ಫಲವಿಲ್ಲ. ಅವು ರೂಪುಗೊಂಡಾಗ ಪ್ರಾಣಿಗಳೇ ಇರಲಿಲ್ಲ. ದಕ್ಷಿಣ ಭಾರತದ ಪಳೆಯುಳಿಕೆ ಹವಳಗಳಿಗೆ ತಮಿಳುನಾಡಿನ ಅರಿಯಲೂರು ಕಡೆಗೆ ಹೋಗಬಹುದು. ಆ ಸೀಮೆಯ ಹವಳಗಳನ್ನು ಭೂವಿಜ್ಞಾನಿ ಸ್ಟೊಲಿಝ್ಕಾ 1873ರಲ್ಲಿ ವರ್ಣಿಸಿದ್ದಾನೆ.

ಪಳೆಯುಳಿಕೆಯ ನಿಜವಾದ ತೊಡಕು ಇರುವುದು ಸುಣ್ಣದಲ್ಲಿಯೇ. ಕಲ್ಲುಹವಳ ತನ್ನ ಗೂಡನ್ನು ಅರಗೊನೈಟ್ ಎಂಬ ಖನಿಜದಿಂದ ಕಟ್ಟುತ್ತದೆ. ನೆಲದಡಿ ಕಾಲ ಕಳೆದಂತೆ ಅದು ಕರಗುತ್ತದೆ, ಇಲ್ಲವೇ ಕ್ಯಾಲ್ಸೈಟ್ ಆಗಿ ಮಾರ್ಪಡುತ್ತದೆ. ಆಗ ಹೊರ ಆಕಾರ ಉಳಿದರೂ ತಡಿಕೆಯೊಳಗಿನ ಎಳೆಗಳ ಹೆಣಿಗೆ ಅಳಿಸಿಹೋಗುತ್ತದೆ. ಕಲ್ಲನ್ನು 0.03 ಮಿಲಿಮೀಟರಿನಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟಾಗ, ಬೇಕಾಗಿದ್ದ ಸಾಕ್ಷ್ಯದ ಜಾಗದಲ್ಲಿ ಮಿನುಗುವ ಹರಳುಗಳಷ್ಟೇ ಕಾಣುವುದುಂಟು.

ಡಿಎನ್ಎ ಪರೀಕ್ಷೆ ಈ ತೊಡಕನ್ನು ಇನ್ನಷ್ಟು ಬಿಗಿಗೊಳಿಸಿತು. ಅಟ್ಲಾಂಟಿಕ್ ಮತ್ತು ಇಂಡೋ-ಪೆಸಿಫಿಕ್ ಸಾಗರಗಳ ಫೇವಿಯಾಗಳು ನೋಡಲು ಒಂದೇ ಥರ ಇದ್ದರೂ ಹತ್ತಿರದ ಬಂಧುಗಳಲ್ಲ ಎಂದು 2004ರಲ್ಲಿ ತಿಳಿದುಬಂತು. ಫೇವಸ್ ಮನೆ ಬದಲಿಸಿದ್ದಕ್ಕೆ ಕಾರಣ ಇದೇ. ಜೀವಂತ ಹವಳವಾದರೆ ಪರೀಕ್ಷೆಗೆ ಒಂದು ಚೂರು ಸಾಕು. ಕಲ್ಲಾದದ್ದಕ್ಕೆ ಆ ದಾರಿಯಿಲ್ಲ. ಹೀಗಾಗಿ, ನನ್ನ ಮಟ್ಟಿಗೆ, ಇಂಡೋ-ಪೆಸಿಫಿಕ್ ವಲಯದ ಪಳೆಯುಳಿಕೆಯೊಂದರ ಚೀಟಿಯಲ್ಲಿ ಫೇವಿಯಾ ಎಂಬ ಹಳೆಯ ಬರಹ ಕಂಡರೆ ಅದು ಬಟ್ಟಲಿನ ಆಕಾರವನ್ನು ಹೇಳುತ್ತದೆಯೇ ಹೊರತು ಒಕ್ಕವನ್ನಲ್ಲ.