ಮ್ಯಾಕ್ ಅಡ್ರೆಸ್: ಹೆಸರಿಗೆ ಮಾತ್ರ ಅಡ್ರೆಸ್

ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟ. ನರ್ಸರಿಯಲ್ಲಿದ್ದ ಮಣ್ಣಿನ ತೇವ ಅಳೆಯುವ ಬಾಕ್ಸನ್ನು ಪಲ್ಪರ್ ಮನೆ ಪಕ್ಕಕ್ಕೆ ತಂದಿದ್ದರು. ಅಲ್ಲಿ ಅಂಥದ್ದೇ ಇನ್ನೊಂದು ಮೊದಲೇ ಇತ್ತು. ಅವತ್ತಿಂದ ಒಂದು ಬಾಕ್ಸ್ ಆನ್ ಮಾಡಿದರೆ ಇನ್ನೊಂದು ನೆಟ್‌ವರ್ಕ್‌ನಿಂದ ಮಾಯ. ‘ಜಾಗ ಬದಲಾಯ್ತಲ್ಲ ಸಾರ್, ಮ್ಯಾಕ್ ಅಡ್ರೆಸ್ಸೂ ಬದಲಾಗಿರ್ಬೇಕು’ ಎಂದರು ತೋಟದ ಲೆಕ್ಕ ನೋಡುವ ರೈಟರು.

ಈ ಮಾತು ಎಷ್ಟು ಸಲ ಕೇಳಿದ್ದೇನೋ. ಮ್ಯಾಕ್ ಅಡ್ರೆಸ್ ಎಂದರೆ ನೆಟ್‌ವರ್ಕ್‌ಗೆ ಸೇರುವ ಪ್ರತಿ ಸಾಧನದ ಗುರುತಿನ ನಂಬರ್. ಜಾಗದ ಜೊತೆ ಬದಲಾಗುವುದು ಐಪಿ ಅಡ್ರೆಸ್, ಅಂದರೆ ಸೇರಿದ ನೆಟ್‌ವರ್ಕ್‌ನೊಳಗಿನ ವಿಳಾಸ. ಮ್ಯಾಕ್ ಅಲ್ಲ.

ಮ್ಯಾಕ್ ಎಂದರೆ ಮೆಷಿನ್‌ನ ಚಿಕ್ಕ ರೂಪ ಕೂಡ ಅಲ್ಲ. ಮೀಡಿಯಾ ಆಕ್ಸೆಸ್ ಕಂಟ್ರೋಲ್. ಮೀಡಿಯಾ ಅಂದರೆ ಇಲ್ಲಿ ಟಿವಿ, ಪೇಪರ್ ಅಲ್ಲ. ಮಾತು ಹರಿಯುವ ತಂತಿ, ಇಲ್ಲವೇ ಗಾಳಿ. ಕಂಪ್ಯೂಟರ್‌ಗಳನ್ನು ತಂತಿಯಿಂದ ಜೋಡಿಸುವ ಪದ್ಧತಿಯೇ ಈಥರ್ನೆಟ್. ಮೊದಮೊದಲು ಅದರಲ್ಲಿ ಎಲ್ಲ ಕಂಪ್ಯೂಟರ್‌ಗಳೂ ಒಂದೇ ಕೇಬಲ್‌ಗೆ ಜೋತುಬಿದ್ದಿರುತ್ತಿದ್ದವು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಎರಡು ಮಾತೂ ಹಾಳು. ಯಾರು ಯಾವಾಗ ಮಾತಾಡಬೇಕು ಎಂಬ ಕಟ್ಟುಪಾಡಿಗೆ ಇಟ್ಟ ಹೆಸರು ಅದು. ಒಬ್ಬರ ಮಾತು ಎಲ್ಲರಿಗೂ ಕೇಳಿಸುತ್ತದೆ, ಹಾಗಾಗಿ ‘ಇದು ನನ್ನನ್ನೇ ಕರೆದದ್ದು’ ಎಂದು ತಿಳಿಯಲು ಪ್ರತಿಯೊಂದಕ್ಕೂ ಒಂದು ನಂಬರ್ ಬೇಕಾಯಿತು. ಕೆಲಸದಲ್ಲಿ ಅದು ಹೆಸರು. ಅಡ್ರೆಸ್ ಎಂದು ಕರೆದದ್ದರಿಂದಲೇ ಇಷ್ಟೆಲ್ಲ ಗೊಂದಲ. ಗಾಡಿಯ ಚಾಸಿಸ್ ನಂಬರ್ ಅಂದುಕೊಳ್ಳಿ. ಗಾಡಿ ಹಾಸನದಲ್ಲಿರಲಿ, ಸಕಲೇಶಪುರದಲ್ಲಿರಲಿ, ಅದೇ ನಂಬರ್.

ಪಲ್ಪರ್ ಮನೆಯಲ್ಲಿ ತೊಂದರೆ ಆಗಿದ್ದೇ ನಂಬರ್ ಬದಲಾಗದ್ದರಿಂದ. ಮುಚ್ಚಳ ಬಿಚ್ಚಿ ಲ್ಯಾಪ್‌ಟಾಪ್ ಸಿಕ್ಕಿಸಿದೆ. ಎರಡರಲ್ಲೂ ಡಿಇ-ಎಡಿ-ಬಿಇ-ಇಎಫ್-ಎಫ್‌ಇ-ಇಡಿ. ಆರ್ಡುಯಿನೊ ಎಂಬ ಪುಟ್ಟ ಬೋರ್ಡಿನ ಮಾದರಿ ಕೋಡ್‌ನಲ್ಲಿರುವ ನಂಬರ್ ಅದು, ಬಾಕ್ಸ್ ಮಾಡಿದವರು ಸುಮ್ನೆ ಕಾಪಿ ಮಾಡಿದ್ದರು. ಬೇರೆ ಬೇರೆ ನೆಟ್‌ವರ್ಕ್‌ನಲ್ಲಿ ಇರುವ ತನಕ ಗೊತ್ತಾಗಲಿಲ್ಲ. ತಂತಿಗಳೆಲ್ಲ ಬಂದು ಸೇರುವ ಒಂದೇ ನೆಟ್‌ವರ್ಕ್ ಸ್ವಿಚ್ಚಿಗೆ ಬಂದಾಗ, ಈ ಹೆಸರಿನವನು ಯಾವ ಪೋರ್ಟ್‌ನಲ್ಲಿದ್ದಾನೆ ಎಂದು ಸ್ವಿಚ್ಚು ಗಳಿಗೆಗೊಮ್ಮೆ ಲೆಕ್ಕ ತಿದ್ದತೊಡಗಿತು.

ಡಬ್ಲ್ಯು5500 ಥರದ ಈಥರ್ನೆಟ್ ಚಿಪ್‌ಗಳಲ್ಲಿ ಸ್ವಂತ ನಂಬರ್ ಇರುವುದಿಲ್ಲ, ನಾವೇ ಕೊಡಬೇಕು. ‘ಯೂನಿಕ್’ ಎಂದು ಯಾವುದೋ ಅಂಕಿ ಟೈಪ್ ಮಾಡಿದರೆ ಅದು ಯೂನಿಕ್ ಆಗಲ್ಲ. ಯಾರೋ ಒಬ್ಬರು ಲೆಕ್ಕ ಇಟ್ಟಿದ್ದರೆ ಮಾತ್ರ ಆಗುತ್ತದೆ. ಆ ಲೆಕ್ಕ ಇಡುವುದು ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ. 48 ಬಿಟ್ ಉದ್ದದ ಈ ನಂಬರಿನ ಮೊದಲ ಭಾಗವನ್ನು ಅದು ದುಡ್ಡಿಗೆ ಕೊಡುತ್ತದೆ, ಉಳಿದದ್ದನ್ನು ಬಾಕ್ಸ್ ತಯಾರಿಸುವವರು ಹಂಚಿಕೊಳ್ಳಬೇಕು. ಅತಿ ಚಿಕ್ಕ ಕಂತೆಯಲ್ಲಿ 4096 ನಂಬರ್. ಹತ್ತಿಪ್ಪತ್ತು ಬಾಕ್ಸ್ ಮಾಡುವವರಿಗೆ ಅದೂ ಜಾಸ್ತಿ. ಅಂಥವರಿಗೆ ಮೈಕ್ರೊಚಿಪ್‌ನವರ 24ಎಎ02ಇ48 ಸಾಕು. ಪುಟ್ಟ ಮೆಮೊರಿ ಚಿಪ್, ಅಳಿಸಲಾಗದ ನಂಬರ್ ಒಳಗೇ ಇರುತ್ತದೆ. ವೈಫೈ ಇರುವ ಇಎಸ್‌ಪಿ32 ಚಿಪ್‌ನಲ್ಲಿ ಕಾರ್ಖಾನೆಯಲ್ಲೇ ನಂಬರನ್ನು ಇಫ್ಯೂಸ್‌ಗೆ, ಅಂದರೆ ಒಮ್ಮೆ ಬರೆದರೆ ಅಳಿಸಲಾಗದ ಜಾಗಕ್ಕೆ, ಸುಟ್ಟು ಕಳಿಸುತ್ತಾರೆ. ನಂಬರನ್ನು ಪ್ರೋಗ್ರಾಂ ಒಳಗೆ ಬರೆಯಲೇಬೇಡಿ. ಅದೇ ಫೈಲನ್ನು ಹತ್ತು ಬೋರ್ಡ್‌ಗೆ ಹಾಕಿದರೆ ಹತ್ತಕ್ಕೂ ಒಂದೇ ಹೆಸರು.

ನಂಬರಿನ ಮೊದಲ ಜೋಡಿ 02 ಆದರೆ ಅದು ಸ್ಥಳೀಯ ನಂಬರ್, ಐಇಇಇ ಹಂಚಿದ್ದಲ್ಲ. ನಿಮ್ಮ ನೆಟ್‌ವರ್ಕ್‌ನಲ್ಲಿ ನೀವೇ ಲೆಕ್ಕ ಇಡುವುದಾದರೆ ಧಾರಾಳವಾಗಿ ಬಳಸಬಹುದು. ಆ ತೋಟದಲ್ಲೂ ಸದ್ಯಕ್ಕೆ ಹಾಗೇ ಮಾಡಿದೆ. ಒಂದರ ಕೊನೆಗೆ 01, ಇನ್ನೊಂದಕ್ಕೆ 02. ಬೋರ್ಡಿನ ಇಇಪ್ರಾಮ್‌ಗೆ, ಅಂದರೆ ಕರೆಂಟ್ ಹೋದರೂ ಮರೆಯದ ಮೆಮೊರಿಗೆ ಬರೆದು, ಮುಚ್ಚಳದ ಒಳಗೆ ಮಾರ್ಕರ್‌ನಲ್ಲೂ ಬರೆದೆ. ರೈಟರು ಎರಡನ್ನೂ ತಮ್ಮ ಹಾಜರಿ ಪುಸ್ತಕದ ಹಿಂದಿನ ಹಾಳೆಗೆ ಇಳಿಸಿಕೊಂಡರು.