ಚಳಿಗಾಲದ ಕೊಡಚಾದ್ರಿ: ಇಳಿಯುವ ಲೆಕ್ಕ ಮೊದಲು

ದೀಪಾವಳಿ ಮುಗಿಯುತ್ತಿದ್ದಂತೆ ನನಗೆ ಬರುವ ಕರೆಗಳಲ್ಲೆಲ್ಲ ಒಂದೇ ಪ್ರಶ್ನೆ: ‘ಮಳೆ ನಿಂತಿತಲ್ಲ, ಇನ್ನು ಕೊಡಚಾದ್ರಿ ಹತ್ತಬಹುದಲ್ಲ?’ ಧಾರಾಳವಾಗಿ ಹತ್ತಬಹುದು. ಆದರೆ ಚಾರಣಿಗರನ್ನು ಬೆಟ್ಟಕ್ಕೆ ಕರೆದೊಯ್ಯುವ ನನ್ನ ಕೆಲಸದಲ್ಲಿ ಕಂಡದ್ದು ಇಷ್ಟು. ಮಳೆಗಾಲದಲ್ಲಿ ಜಾರೀತೆಂದು ಹೆದರಿ ಹೆಜ್ಜೆ ನೋಡಿಕೊಂಡು ಇಡುವವರೇ ನವೆಂಬರ್, ಡಿಸೆಂಬರಿನ ನೀಲಿ ಆಕಾಶ ಕಂಡೊಡನೆ ಮೈಮರೆಯುತ್ತಾರೆ. ಪಾದ ಉಳುಕಿಸಿಕೊಂಡು ದಾರಿಬದಿಯಲ್ಲಿ ಕೂರುವವರು ಈ ತಿಂಗಳುಗಳಲ್ಲೇ ಹೆಚ್ಚು. ಅದೂ ಏರುವಾಗಲ್ಲ, ಇಳಿಯುವಾಗ.

ಹೊಸನಗರ ತಾಲ್ಲೂಕಿನ ಈ ಬೆಟ್ಟದ ಎತ್ತರ 1,343 ಮೀಟರ್. ನಿಟ್ಟೂರಿನ ಕಡೆಯಿಂದ ಹಿಡ್ಲುಮನೆ ಜಲಪಾತದ ಪಕ್ಕದಲ್ಲಿ ಏರುವ ಕಾಲುದಾರಿ ಬಲು ಕಡಿದು. ಮಳೆ ನಿಂತು ವಾರಗಳಾದರೂ ಅಲ್ಲಿನ ಒರತೆಗಳು ನಿಲ್ಲುವುದಿಲ್ಲ. ಬಂಡೆಯ ಮೇಲಿನ ಹಾವಸೆ ಹಸಿರಾಗಿದ್ದರೆ ಎಲ್ಲರೂ ಎಚ್ಚರ ವಹಿಸುತ್ತಾರೆ. ಅರೆ ಒಣಗಿ ಕಪ್ಪಾಗಿದ್ದರೆ ಕಲ್ಲೆಂದೇ ನಂಬಿ ಕಾಲಿಡುತ್ತಾರೆ. ಕಾಡಿನೊಳಗೆ ಬಂದರೆ ದರಗು. ಮೇಲ್ಪದರ ಗರಿಗರಿಯಾಗಿ ಸದ್ದು ಮಾಡುತ್ತದೆ, ಅಡಿಯಲ್ಲಿ ಕೊಳೆತ ಎಲೆಯೂ ಅಂಟುಮಣ್ಣೂ ಹಸಿಯಾಗಿಯೇ ಇರುತ್ತವೆ. ಇವೆರಡನ್ನೂ ಒಮ್ಮೆ ತೋರಿಸಿಕೊಟ್ಟರೆ ಜನ ಬೇಗ ಕಲಿಯುತ್ತಾರೆ.

ಕಷ್ಟವಿರುವುದು ಮೇಲಿನ ಹುಲ್ಲುಗಾವಲಿನಲ್ಲಿ. ಮಳೆಗಾಲದಲ್ಲಿ ಎದ್ದು ನಿಂತಿದ್ದ ಹುಲ್ಲು ಈಗ ತೆನೆ ಬಿಟ್ಟು, ಒಣಗತೊಡಗಿ, ಇಳಿಜಾರಿನತ್ತ ತಲೆ ಹಾಕಿ ಮಲಗಿರುತ್ತದೆ. ಸೋಗೆ ಹೊದಿಸಿದ ಮಾಡಿನಂತೆ ಅದು ನೀರನ್ನೂ ಜಾರಿಸುತ್ತದೆ, ಕಾಲನ್ನೂ ಜಾರಿಸುತ್ತದೆ. ಅದರ ಮೇಲೆ ಇಬ್ಬನಿ ಬೇರೆ. ಮೋಡವಿಲ್ಲದ ರಾತ್ರಿ ನೆಲದ ಶಾಖ ತಡೆಯಿಲ್ಲದೆ ಮೇಲಕ್ಕೆ ಹೋಗಿಬಿಡುತ್ತದೆ. ಹುಲ್ಲಿನ ಎಸಳು ಸುತ್ತಲಿನ ಗಾಳಿಗಿಂತ ತಣ್ಣಗಾಗಿ, ಗಾಳಿಯ ತೇವವೆಲ್ಲ ಅದರ ಮೇಲೆ ಹನಿಗಟ್ಟುತ್ತದೆ. ಹಿಂದಿನ ರಾತ್ರಿ ನೀವು ನಕ್ಷತ್ರ ನೋಡಿ ಹಿಗ್ಗಿದ್ದರೆ, ಬೆಳಿಗ್ಗೆ ಹುಲ್ಲು ಅಷ್ಟೂ ಒದ್ದೆಯಾಗಿರುತ್ತದೆ ಎಂದು ತಿಳಿಯಿರಿ. ಪಶ್ಚಿಮಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ತಡವಾಗಿ ತಲುಪುವುದರಿಂದ ಅಲ್ಲಿ ಆ ತೇವ ಬೇಗ ಆರುವುದೂ ಇಲ್ಲ.

ಇಂಥ ಕಡೆ ಹೊಸಬರು ಹೆದರಿ ದೇಹವನ್ನು ಹಿಂದಕ್ಕೆ ವಾಲಿಸುತ್ತಾರೆ. ಭಾರ ಹಿಮ್ಮಡಿಯ ಅಂಚಿಗೆ ಹೋಗುತ್ತದೆ, ಕಾಲು ಮುಂದಕ್ಕೆ ಕೀಳುತ್ತದೆ, ಕೂತಲ್ಲಿಂದ ಇನ್ನೂ ನಾಲ್ಕು ಮಾರು ಜಾರುತ್ತಾರೆ. ಮಂಡಿ ಸ್ವಲ್ಪ ಬಗ್ಗಿಸಿ, ಪಾದವನ್ನು ಇಳಿಜಾರಿಗೆ ಓರೆಯಾಗಿಟ್ಟು, ಸಣ್ಣ ಹೆಜ್ಜೆಯಲ್ಲಿ ಇಳಿಯಬೇಕು. ಮುಂದಿನ ಕಾಲು ಊರಿತು ಎಂದು ಖಾತ್ರಿಯಾದ ಮೇಲೆ ಹಿಂದಿನ ಕಾಲು ಎತ್ತಬೇಕು. ಕೋಲು ಇಳಿಯುವ ಬದಿಗೆ ಇರಲಿ. ತೊಡೆ ನಡುಗತೊಡಗಿದರೆ ಅದು ಚಳಿಗಲ್ಲ, ಸ್ನಾಯು ದಣಿದಿದೆ. ‘ಇನ್ನೇನು ಬಂದೇಬಿಟ್ಟಿತು’ ಎಂದು ಹುರಿದುಂಬಿಸುವ ಗೆಳೆಯನ ಮಾತಿಗೆ ಕಿವಿಗೊಡದೆ ಐದು ನಿಮಿಷ ನಿಲ್ಲಿ. ಹಾಗೆಯೇ, ನಮ್ಮ ಗುಂಪಿಗೆ ಯಾರು ಬಂದರೂ ನಾನು ಮೊದಲು ನೋಡುವುದು ಅವರ ಶೂಗಳ ಅಡಿಯನ್ನು. ನುಣುಪಾದ ಅಟ್ಟೆಯಲ್ಲಿ ಬಂದವರನ್ನು ಜೀಪಿನ ದಾರಿಗೆ ಕಳುಹಿಸಿಬಿಡುತ್ತೇನೆ, ಅವರು ಮುಖ ಊದಿಸಿಕೊಂಡರೂ ಸರಿ.

ಇನ್ನು ಬೆಳಕು. ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21ರ ಸುಮಾರಿಗೆ ಎಂದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಅಕ್ಷಾಂಶದಲ್ಲಿ ಸೂರ್ಯ ಎಲ್ಲಕ್ಕಿಂತ ಬೇಗ ಮುಳುಗುವುದು ನವೆಂಬರ್ ಕೊನೆಯ ಭಾಗದಲ್ಲಿ, ಸಂಜೆ 6ರ ಆಸುಪಾಸಿಗೆ. ಜೂನ್ ಕೊನೆಗೆ ಹೋಲಿಸಿದರೆ ಸುಮಾರು ಒಂದು ಗಂಟೆ ಮೊದಲು. ದಟ್ಟ ಮರಗಳ ಅಡಿಯಲ್ಲಿ 5 ಗಂಟೆಗೇ ಬೇರು ಯಾವುದು, ಕಲ್ಲು ಯಾವುದು ತಿಳಿಯದು. ಹೀಗಾಗಿ ಬೆಟ್ಟದ ತುದಿಯ ಸರ್ವಜ್ಞ ಪೀಠದ ಬಳಿ ಸೂರ್ಯಾಸ್ತ ನೋಡಿ ಹಿಡ್ಲುಮನೆ ದಾರಿಯಲ್ಲಿ ಇಳಿಯುತ್ತೇವೆ ಎನ್ನುವವರಿಗೆ ನಾನು ಒಪ್ಪುವುದೇ ಇಲ್ಲ. ಜಲಪಾತದ ದಾರಿ ತೆರೆದಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಅದರಲ್ಲಿ ಏರಿ, ಜೀಪಿನ ದಾರಿಯಲ್ಲಿ ಇಳಿಯಿರಿ. ಧೂಳು ಕುಡಿಯಬೇಕಾದೀತು, ದಾರಿಯಂತೂ ತಪ್ಪದು.

ಮಧ್ಯಾಹ್ನದ ಮೇಲೆ ಪಡುವಣ ಗಾಳಿಯೊಂದಿಗೆ ಮಂಜು ಮುಸುಕಿದರೆ ಹುಲ್ಲಿನಲ್ಲಿ ಕಾಟಿಗಳ (ಕಾಡುಕೋಣಗಳ) ಜಾಡನ್ನೇ ಕಾಲುದಾರಿ ಎಂದು ಹಿಡಿಯುವ ಅಪಾಯವುಂಟು. ಅವುಗಳ ಜಾಡು ಬಹುಪಾಲು ಗುಡ್ಡದ ಮೈಗೆ ಅಡ್ಡಡ್ಡ ಸಾಗುತ್ತದೆ, ಕೊನೆಗೆ ಎಲ್ಲಿಗೂ ಇಳಿಸುವುದಿಲ್ಲ. ಮಂಜು ಸರಿಯುವ ತನಕ ನಿಲ್ಲುವುದೇ ಜಾಣತನ. ನಿಂತಾಗ ಬೆವರಿದ ಹತ್ತಿ ಅಂಗಿ ಮೈಯನ್ನು ಕೊರೆಯುತ್ತದೆ, ಒಣ ಅಂಗಿಯೊಂದು ಚೀಲದಲ್ಲಿರಲಿ.

ಮಳೆ ಪೂರ್ತಿ ಹೋಗಿದೆ ಎಂದೂ ಅಲ್ಲ. ಬಂಗಾಳ ಕೊಲ್ಲಿಯಲ್ಲೋ ಅರಬ್ಬೀ ಸಮುದ್ರದಲ್ಲೋ ವಾಯುಭಾರ ಕುಸಿದರೆ ನವೆಂಬರಿನಲ್ಲೂ ಎರಡು ದಿನ ಸುರಿದೀತು. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ನೋಡಿ. ಜೊತೆಗೆ ದಾರಿಯಲ್ಲಿ ಸಿಗುವ ಮನೆಗಳ ಅಂಗಳವನ್ನೂ ನೋಡಿ. ಅಡಿಕೆ ಗೊನೆ ಕೊಯ್ಯುವ ಕಾಲದಲ್ಲಿ ಬೆಳೆಗಾರರಷ್ಟು ಆತಂಕದಿಂದ ಆಕಾಶ ನೋಡುವವರು ಇನ್ನೊಬ್ಬರಿಲ್ಲ. ಹರವಿದ ಅಡಿಕೆಗೆ ಹಗಲಿನಲ್ಲೇ ಟಾರ್ಪಾಲು ಬಿದ್ದಿದ್ದರೆ ಒಳಗೆ ಹೋಗಿ ಕಾರಣ ಕೇಳಿಯೇ ಮುಂದುವರಿಯಿರಿ.

ರಕ್ತ ಹೀರುವ ಇಂಬಳ ಈ ಹೊತ್ತಿಗೆ ಹಳ್ಳದ ಬದಿಗೆ ಸರಿದಿರುತ್ತದೆ, ಅದು ಕಚ್ಚಿದರೂ ಮಹಾ ಹಾನಿಯಿಲ್ಲ. ಉಣುಗಿನ (ಉಣ್ಣೆಯ) ವಿಷಯ ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಇದೇ. ರೋಗ ಅಂಟಿಸುವ ಮರಿ ಉಣುಗುಗಳು ಚುರುಕಾಗುವುದು ಈ ಚಳಿಗಾಲದಿಂದ ಬೇಸಿಗೆಯವರೆಗೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ದರಗಿನ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಸಿಬ್ಬಂದಿಗೆ ತಿಳಿಸಿ. ಇಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಮಂಡಿಯ ಹಿಂಭಾಗ, ಸೊಂಟ, ಕಂಕುಳು ತಡಕಿ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಿರಿ, ಸೀಮೆಎಣ್ಣೆ, ಬೆಂಕಿಕಡ್ಡಿಯ ಪ್ರಯೋಗ ಬೇಡ. ವಾರ, ಹತ್ತು ದಿನದೊಳಗೆ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಆಸ್ಪತ್ರೆಗೆ ಹೋಗಿ, ಮಲೆನಾಡಿನ ಕಾಡಿನಲ್ಲಿ ನಡೆದು ಬಂದಿದ್ದೇನೆ ಎಂಬುದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಬೆಂಗಳೂರಿನಲ್ಲಿ ಕುಳಿತ ವೈದ್ಯರು ಅದನ್ನು ಕೇಳಲಾರರು.