ಜಾಗ ಬದಲಿಸಿ ಅಂದರು, ಮೂನ್ ದೇಶ ಬದಲಿಸಿದರು

ಅಮೆರಿಕದವರು ಫುಟ್‌ಬಾಲ್ ಅಂತ ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎದುರಾಳಿಗಳು ಬಂದು ಮೈಮೇಲೆ ಬೀಳುವಷ್ಟರಲ್ಲಿ ಯಾರಿಗೆ ಎಸೆಯಬೇಕು ಅಂತ ಅವನು ತೀರ್ಮಾನ ಮಾಡಿರಬೇಕು. ಈ ಕೆಲಸ ಕಪ್ಪು ಹುಡುಗರ ಕೈಲಾಗದು ಅನ್ನುವ ನಂಬಿಕೆ ಅಲ್ಲಿ ದಶಕಗಟ್ಟಲೆ ಇತ್ತು. ಅವರು ಓಡಲಿ, ಚೆಂಡು ಹಿಡಿಯಲಿ, ಯೋಚನೆ ಮಾಡುವುದು ಮಾತ್ರ ಬೇಡ!

1968ರಲ್ಲಿ ಮಾರ್ಲಿನ್ ಬ್ರಿಸ್ಕೋ ಡೆನ್ವರ್ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದರು. ಮೊದಲ ವರ್ಷವೇ 14 ಟಚ್‌ಡೌನ್ ಪಾಸ್ (ಅಂಕ ತಂದುಕೊಟ್ಟ ಎಸೆತ) ಎಸೆದರು. ಮರುವರ್ಷ ಆ ಜಾಗ ಸಿಗಲಿಲ್ಲ. ಬಫಲೋಗೆ ಹೋಗಿ ರಿಸೀವರ್ ಆದರು, ಅಂದರೆ ಬೇರೆಯವರು ಎಸೆದದ್ದನ್ನು ಹಿಡಿಯುವವರು.

ಹಾಗೆ ಜಾಗ ಬಿಟ್ಟುಕೊಡಲು ಒಪ್ಪದವರು ವಾರೆನ್ ಮೂನ್. 1956ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದವರು. ಏಳು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಆರು ಜನ ಅಕ್ಕತಂಗಿಯರ ನಡುವೆ ಒಬ್ಬನೇ ಗಂಡುಮಗ. ಅಡುಗೆ, ಹೊಲಿಗೆ, ಇಸ್ತ್ರಿ ಎಲ್ಲವನ್ನೂ ಕಲಿತರು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆಡುವಾಗ ತಮ್ಮ ತಂಡದ ಮೈದಾನದಲ್ಲೇ ಜನ ಕೂಗಿ ಅವಮಾನ ಮಾಡುತ್ತಿದ್ದರು. ಅದೇ ತಂಡ 1978ರ ಜನವರಿಯಲ್ಲಿ ರೋಸ್ ಬೌಲ್ ಅನ್ನುವ ದೊಡ್ಡ ಕಾಲೇಜು ಪಂದ್ಯದಲ್ಲಿ ಮಿಷಿಗನ್ನನ್ನು 27-20ರಿಂದ ಸೋಲಿಸಿತು. ಪಂದ್ಯಶ್ರೇಷ್ಠ ಮೂನ್.

ಇಷ್ಟಾದರೂ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಕಡೆಯಿಂದ ಬಂದ ಮಾತು ಹಳೆಯದೇ: ಜಾಗ ಬದಲಿಸಿದರೆ ನೋಡೋಣ. ಆ ವರ್ಷದ ಡ್ರಾಫ್ಟ್‌ನ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮದ, 12 ಸುತ್ತಿನಲ್ಲಿ ಯಾರೂ ಆರಿಸದೆ ಮೂನ್ ಕೆನಡಾಗೆ ಹೋದರು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಕಥೆಗೆ ಚೆನ್ನಾಗಿದೆ, ಆದರೆ ಕ್ರಮ ತಿರುಗುಮುರುಗು. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡಿ, ಡ್ರಾಫ್ಟ್‌ಗೆ ಮೊದಲೇ ಅವರು ಎಡ್ಮಂಟನ್ ತಂಡಕ್ಕೆ ಸಹಿ ಹಾಕಿದ್ದರು.

ಕೆನಡಾದ ಆಟವೂ ಅವರ ಕೈಗೆ ಒಗ್ಗಿತು. ಅಲ್ಲಿ ಮೈದಾನ ದೊಡ್ಡದು. ಹತ್ತು ಗಜ ಮುಂದೆ ಹೋಗಲು ನಾಲ್ಕಲ್ಲ, ಮೂರೇ ಅವಕಾಶ. ಹಾಗಾಗಿ ಎಸೆಯಲೇಬೇಕು. ಎಡ್ಮಂಟನ್ 1978ರಿಂದ 1982ರವರೆಗೆ ಕೆನಡಾ ಲೀಗ್‌ನ ಪ್ರಶಸ್ತಿಯಾದ ಗ್ರೇ ಕಪ್ಪನ್ನು ಸತತ ಐದು ಸಲ ಗೆದ್ದಿತು. ಅಷ್ಟು ಹೊತ್ತಿಗೆ ಬೇಡ ಅಂದಿದ್ದವರೇ ಪೈಪೋಟಿಗೆ ಬಿದ್ದರು. 1984ರಲ್ಲಿ ಮೂನ್ ಎನ್‌ಎಫ್‌ಎಲ್‌ನ ಹ್ಯೂಸ್ಟನ್ ಆಯ್ಲರ್ಸ್ ಸೇರಿದರು. ಎಡ್ಮಂಟನ್‌ನಲ್ಲಿ ತರಬೇತಿ ಕೊಟ್ಟಿದ್ದ ಹ್ಯೂ ಕ್ಯಾಂಪ್‌ಬೆಲ್ ಆಗ ಅಲ್ಲಿನ ಕೋಚ್ ಆಗಿದ್ದರು.

1990ರ ಡಿಸೆಂಬರ್‌ನಲ್ಲಿ ಕ್ಯಾನ್ಸಸ್ ಸಿಟಿ ವಿರುದ್ಧ ಒಂದೇ ಪಂದ್ಯದಲ್ಲಿ 527 ಗಜ ಎಸೆದರು. ನೋವಿನ ದಿನವೂ ಉಂಟು. 1993ರ ಜನವರಿಯಲ್ಲಿ ಬಫಲೋ ವಿರುದ್ಧ 35-3ರ ಮುನ್ನಡೆ ಇತ್ತು. ಗೆದ್ದೇಬಿಟ್ಟರು ಅಲ್ವಾ? ಇಲ್ಲ, 41-38ರಿಂದ ಸೋತರು. ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಆಡುವ ಯೋಗ ಅವರಿಗೆ ಬರಲೇ ಇಲ್ಲ. ಅದನ್ನು ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಡಗ್ ವಿಲಿಯಮ್ಸ್, 1988ರಲ್ಲಿ. 1978ರ ಅದೇ ಡ್ರಾಫ್ಟ್‌ನಲ್ಲಿ ಆಯ್ಕೆಯಾದವರು ಅವರು.

ಮಿನ್ನೆಸೋಟ, ಸಿಯಾಟಲ್ ಮುಗಿಸಿ, 44ನೇ ವಯಸ್ಸಿನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಮೂನ್ ಆಟ ನಿಲ್ಲಿಸಿದರು. ಎನ್‌ಎಫ್‌ಎಲ್ ಒಂದರಲ್ಲೇ 49,325 ಗಜ ಎಸೆದಿದ್ದರು. 2006ರಲ್ಲಿ ಈ ಆಟದ ದಿಗ್ಗಜರಿಗೆ ಮೀಸಲಾದ ಹಾಲ್ ಆಫ್ ಫೇಮ್ ಸೇರಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಆದರು.

2023ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಮೊದಲ ಸಲ ಎರಡೂ ತಂಡದ ಕ್ವಾರ್ಟರ್‌ಬ್ಯಾಕ್‌ಗಳು ಕಪ್ಪು ಆಟಗಾರರು: ಕ್ಯಾನ್ಸಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್, ಫಿಲಡೆಲ್ಫಿಯಾದ ಜೇಲನ್ ಹರ್ಟ್ಸ್. ಬ್ರಿಸ್ಕೋ ಹಿಂದಿನ ಜೂನ್‌ನಲ್ಲೇ ತೀರಿಕೊಂಡಿದ್ದರು.